ಬೆಳ್ಳವ್ವನ ಫ್ಲಾಸ್ಕು

ಶಿವನಿಯ ಸುಲೋಚನಮ್ಮನಿಗೆ ದನದ ಲಸಿಕೆ ಪೆಟ್ಟಿಗೆಯೆಂದರೆ ಕಂಕುಳ ಕೂಸು. ಕ್ಯಾಂಪಿನ ದಿನ ಅದನ್ನು ಹೊತ್ತು ಹಟ್ಟಿ ಹಟ್ಟಿ ಸುತ್ತುವ ಕೆಲಸ ಅವಳದು. ಬಿಸಿ ತಾಕಿದರೆ ಮದ್ದು ಸತ್ತಂತೆ. ಅವಳ ಪೆಟ್ಟಿಗೆಯಲ್ಲಿ ಐಸ್ ಕರಗಿದ್ದನ್ನು ಕಂಡವರಿಲ್ಲ.

ಅವಳ ಕೊಟ್ಟಿಗೆಯ ಅಮೃತಮಹಲ್ ಹಸು ಬೆಳ್ಳವ್ವ, ಅತ್ತೆಯ ಕಾಲದಿಂದ ಬಂದ ತಳಿ. ಈದದ್ದೆಲ್ಲ ಹೋರಿಗರು, ಹೆಣ್ಣೊಂದಿಲ್ಲ. ಹೊಟ್ಟೆಯುಬ್ಬರ ಬಂದು ಬೆಳಗಿನ ಹೊತ್ತಿಗೆ ಅದು ಕಾಲು ಚಾಚಿದಾಗ ಗಂಡ ಬೀರಪ್ಪ ಕಂಬಕ್ಕೊರಗಿ, "ಈ ಬಳ್ಳಿ ಇಲ್ಲಿಗೇ ಕಡಿದೋಯ್ತು ಕಣೇ" ಎಂದ.

ದನದ ಡಾಕ್ಟರು ವಿಶ್ವನಾಥ್, "ಇನ್ನೂ ಒಂದು ದಾರಿ ಇದೆ" ಎಂದರು. ತರೀಕೆರೆಯ ಲ್ಯಾಬಿನಲ್ಲಿ ಅಶ್ವಿನಿ ಎಂಬ ಡಾಕ್ಟರು ಸತ್ತ ಹಸುವಿನ ಅಂಡಾಶಯದಿಂದ ತತ್ತಿ ತೆಗೆದು, ಗಾಜಿನ ತಟ್ಟೆಯಲ್ಲಿ ಮಾಗಿಸಿ, ಹೋರಿಯ ಬೀಜ ಕೂಡಿಸಿ, ಬೇರೆ ಹಸುವಿನ ಬಸಿರಲ್ಲಿ ಕರು ಬೆಳೆಸುತ್ತಾರಂತೆ. ವಿಶ್ವನಾಥ್ ಅಂಡಾಶಯ ಬಿಡಿಸಿ, ಉಪ್ಪುನೀರಿನ ಫ್ಲಾಸ್ಕಿಗೆ ಹಾಕಿ ಅವಳ ಕೈಗಿತ್ತರು. ಹೇಗೆ ಒಯ್ಯಬೇಕೆಂದು ಹೇಳಲಿಲ್ಲ. ಸುಲೋಚನಮ್ಮನಿಗೆ ಹೇಳಿಕೊಡುವುದೇನಿದೆ!

ಬಸ್ಸಿನಲ್ಲಿ ಕಂಡಕ್ಟರು, "ಏನಮ್ಮೋ, ಟೀನಾ? ನಮಗೂ ಒಂದ್ ಲೋಟ ಬಗ್ಗಿಸು" ಎಂದು ರೇಗಿಸಿದ.

"ನಮ್ ಬೆಳ್ಳವ್ವ ಅವ್ಳೆ ಕಣಪ್ಪಾ ಇದ್ರಾಗೆ" ಎಂದಳು. ಅವನು ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಸರಿದ.

ಅಜ್ಜಂಪುರದಲ್ಲಿ ಬಸ್ಸು ಬದಲಿಸುವಾಗ ಮುಚ್ಚಳ ತೆಗೆದು ಬೆರಳದ್ದಿದಳು. ನೀರು ಬೆಚ್ಚಗಿತ್ತು. ಓಡಿಹೋಗಿ ಸೋಡಾ ಅಂಗಡಿಯಿಂದ ಐಸ್ ತಂದು, ಚೂರು ಮಾಡಿ, ಫ್ಲಾಸ್ಕಿನ ತುಂಬ ತುಂಬಿದಳು. ತರೀಕೆರೆ ಮುಟ್ಟುವವರೆಗೂ ಅದನ್ನು ಸೆರಗಿನೊಳಗೆ ಅವಚಿಕೊಂಡೇ ಕುಳಿತಿದ್ದಳು.

ಲ್ಯಾಬಿನಲ್ಲಿ ಫ್ಲಾಸ್ಕು ಬಿಚ್ಚಿದ ಅಶ್ವಿನಿಯ ಮುಖ ಇಳಿದುಹೋಯಿತು. ಆದರೂ ತತ್ತಿಗಳನ್ನು ತಟ್ಟೆಗೆ ಹಾಕಿ, ಕಾವಿನ ಪೆಟ್ಟಿಗೆಯಲ್ಲಿಟ್ಟರು. ಸುಲೋಚನಮ್ಮ ರಾತ್ರಿಯನ್ನು ಅಲ್ಲೇ ವರಾಂಡದಲ್ಲಿ ಕಳೆದಳು. ಮರುದಿನ ನೋಡಿದರೆ ಒಂದೂ ಮಾಗಿರಲಿಲ್ಲ.

"ತತ್ತಿ ಮಾಗೋವಾಗ ಒಳಗೇ ಒಂದು ಕಾವಲು ಕಟ್ಕೊಳ್ಳುತ್ತೆ ಅಮ್ಮಾ. ಉಸಿರಾಡೋ ಗಾಳೀನೇ ತತ್ತೀನ ಸುಡುತ್ತಲ್ಲ, ಅದನ್ನ ತಡೆಯೋಕೆ. ಆಂಟಿಆಕ್ಸಿಡೆಂಟ್ ಅಂತೀವಿ. ಚಳಿ ಹೊಡೆದ ತತ್ತಿಗೆ ಆ ಕಾವಲು ಕಟ್ಟೋ ಶಕ್ತಿ ಉಳಿಯಲ್ಲ. ಐಸ್ ಯಾರು ಹಾಕಿದ್ದು?"

"ನಾನೇ ಕಣವ್ವಾ. ಬೆಚ್ಚಗಾಗ್ಬಿಟ್ಟಿತ್ತು."

"ಬೆಚ್ಚಗೇ ಇರಬೇಕಿತ್ತಮ್ಮಾ."

ಸುಲೋಚನಮ್ಮ ಖಾಲಿ ಫ್ಲಾಸ್ಕು ಹಿಡಿದು ಊರಿಗೆ ಬಂದಳು. ಬಾಗಿಲಲ್ಲಿ ಕಾದಿದ್ದ ಬೀರಪ್ಪ ಅವಳ ಮುಖ ನೋಡಿ, ಬೆಳ್ಳವ್ವನ ಹಗ್ಗ ಬಿಚ್ಚಿ ಸುತ್ತಿ, ಅಟ್ಟಕ್ಕೆಸೆದ.

ಮುಂದಿನ ಕ್ಯಾಂಪಿಗೆ ಲಸಿಕೆ ಬಂತು. ಅವಳು ಎಂದಿನಂತೆ ಪೆಟ್ಟಿಗೆಗೆ ಐಸ್ ಜೋಡಿಸಿದಳು. ಮುಚ್ಚಳದ ಮೇಲಿಟ್ಟ ಕೈಯನ್ನು ಮಾತ್ರ ಬಹಳ ಹೊತ್ತು ತೆಗೆಯಲಿಲ್ಲ.

"ತಣ್ಣಗೈತೇನಕ್ಕಾ?" ಎಂದು ಪಕ್ಕದ ಮನೆಯ ವನಜಾಕ್ಷಿ ಕೇಳಿದಳು.

"ಹ್ಞೂಂ ಕಣೇ, ತಣ್ಣಗೈತೆ" ಎಂದಳು ಸುಲೋಚನಮ್ಮ.