ತಾಳ ಸಹಕಾರ

ಒಂದು ಕಾಲದಲ್ಲಿ ನಾನೂ ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದೆ ಅಂದರೆ ಈಗ ನನ್ನ ಹೆಂಡತಿಯೇ ನಂಬುವುದಿಲ್ಲ. ದೇವರ ಮುಂದೆ ನಾಲ್ಕು ಸಾಲು ಹೇಳಿ ಅಂದರೆ ಶ್ರುತಿ ಸಿಗದೆ ಒದ್ದಾಡುತ್ತೀರಲ್ಲ, ನಿಮ್ಮದೆಂಥ ಬ್ಯಾಂಡು ಅನ್ನುತ್ತಾಳೆ. ಅವಳ ತಪ್ಪಿಲ್ಲ. ಆದರೆ ಕ್ಯಾಸೆಟ್ಟೇ ಇದೆಯಲ್ಲ ಸಾಕ್ಷಿಗೆ, ಮುಚ್ಚಿಡೋಕಾಗುತ್ತದೆಯೇ?

ತೊಂಬತ್ತರ ದಶಕದ ನಡುವಿನ ಮಾತು. ಬಸವನಗುಡಿಯ ನಮ್ಮ ಮನೆಯ ಪಕ್ಕದಲ್ಲಿ ಒಂದು ಕಾರ್ ಶೆಡ್ಡಿತ್ತು. ತಾತ ಆಸೆಪಟ್ಟು ಶೆಡ್ಡು ಕಟ್ಟಿಸಿದ್ದರು, ಕಾರು ಮಾತ್ರ ಯಾವತ್ತೂ ಬರಲಿಲ್ಲ. ಆ ಶೆಡ್ಡಿನಲ್ಲಿ ಪ್ರತಿ ಭಾನುವಾರ, ಅಕ್ಕಪಕ್ಕದವರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ, ಮೂರು ಜನ ಸೇರುತ್ತಿದ್ದೆವು. ಹಾಡು ಮತ್ತು ಗಿಟಾರು ನನ್ನದು. ಬೇಸ್ ಗಿಟಾರು ನನ್ನ ಚಿಕ್ಕಪ್ಪನ ಮಗನದು. ಅವನು ಬಾಯಿಬಿಟ್ಟಿದ್ದು ನನಗೆ ನೆನಪಿಲ್ಲ, ಇಲ್ಲಿಯೂ ಅವನಿಗೆ ಮಾತಿಲ್ಲ. ಡ್ರಮ್ಸ್ ನನ್ನ ಕಾಲೇಜಿನ ಗೆಳೆಯನದು. ಬಿನ್ನಿಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನ ಅಪ್ಪ ವಾರವೆಲ್ಲ ಮಿಲ್ಲಿನಲ್ಲಿ ದುಡಿದು, ಮದುವೆ ಕಾಲದಲ್ಲಿ ಬ್ಯಾಂಡ್‌ಸೆಟ್ಟಿನ ಜೊತೆ ಡ್ರಮ್ಮು ಬಾರಿಸುತ್ತಿದ್ದವರು. ಮಗ ನಡೆಯೋದು ಕಲಿತಿದ್ದೇ ಆ ಡ್ರಮ್ಮು ಹಿಡಿದುಕೊಂಡು ಅಂತ ಅವರಮ್ಮ ಹೇಳುತ್ತಿದ್ದರು. ನಾನು ಗಿಟಾರು ಹಿಡಿದಿದ್ದು ಪಿಯುಸಿಯಲ್ಲಿ, ಒಂದು ಹುಡುಗಿ ನೋಡಲಿ ಅಂತ. ಅವಳು ನೋಡಲಿಲ್ಲ. ಗಿಟಾರು ಕೈಯಲ್ಲೇ ಉಳಿಯಿತು.

ನಮ್ಮದು ಪವರ್ ಪಾಪ್ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ ಒಂದು ವಿದೇಶಿ ಪತ್ರಿಕೆಯಲ್ಲಿ ಆ ಪದ ಓದಿದ್ದೆ. ಹಾಗಂದರೇನೋ ಅಂತ ಅಜ್ಜಿ ಕೇಳಿದರು. ಗಿಟಾರು ಜೋರಾಗಿರುತ್ತೆ, ಆದರೆ ರಾಗ ಸಿಹಿಯಾಗಿರುತ್ತೆ, ಮೂರೇ ನಿಮಿಷದಲ್ಲಿ ಮುಗಿಯುತ್ತೆ ಅಂತ ವಿವರಿಸಿದೆ. ಅಜ್ಜಿ ಸ್ವಲ್ಪ ಯೋಚಿಸಿ, "ಅಂದ್ರೆ ಗಲಾಟೆ ಮಾಡ್ಕೊಂಡು ಹೇಳೋ ಭಾವಗೀತೆ ಅನ್ನು" ಅಂದರು. ಆ ಪತ್ರಿಕೆಯವರಿಗಿಂತ ಚೆನ್ನಾಗಿ ಹೇಳಿದರು. ನನಗೆ ಮಾತ್ರ ಅವತ್ತು ಸಿಟ್ಟು ಬಂದಿತ್ತು.

ಚಾಮರಾಜಪೇಟೆಯಲ್ಲಿ ದೇವರನಾಮ ರೆಕಾರ್ಡು ಮಾಡುವ ಸ್ಟುಡಿಯೋ ಒಂದಿತ್ತು. ಎರಡು ಭಜನಾ ಮಂಡಳಿಗಳ ನಡುವೆ ಸಿಕ್ಕಿದ ಹೊತ್ತಿನಲ್ಲಿ, ನೆಲದ ಮೇಲೆ ಉದುರಿದ್ದ ಕನಕಾಂಬರ ತುಳಿದುಕೊಂಡು, ಎಂಟು ಕನ್ನಡ ಹಾಡು ರೆಕಾರ್ಡು ಮಾಡಿದೆವು. ಕ್ಯಾಸೆಟ್ಟಿನ ಮೇಲೆ ನಮ್ಮ ಫೋಟೋ. ಬ್ಯೂಗಲ್ ರಾಕಿನ ಬಂಡೆ ಮುಂದೆ ಕೈಕಟ್ಟಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದೇವೆ. ಭಯಂಕರ ಕೋಪದಲ್ಲಿರುವಂತೆ ಕಾಣಲಿ ಅಂತ ಉದ್ದೇಶ. ಚಸ್ಮಾ ಮರೆತು ಬಂದವರ ಥರ ಕಾಣುತ್ತೇವೆ. ಒಳಗಿನ ಹಾಳೆಯಲ್ಲಿ ಏನು ಅಚ್ಚಾಗಬೇಕು ಅಂತ ಬರೆದುಕೊಟ್ಟವನು ನಾನೇ. ಸಾಹಿತ್ಯ, ಸಂಗೀತ, ಗಾಯನ, ಗಿಟಾರ್, ಪರಿಕಲ್ಪನೆ ಎಲ್ಲದರ ಮುಂದೆಯೂ ನನ್ನ ಹೆಸರೇ. ಕೆಳಗಡೆ, ಮುದ್ರಣಾಲಯದ ಹೆಸರಿಗಿಂತ ಒಂದು ಸಾಲು ಮೇಲೆ, ಚಿಕ್ಕ ಅಕ್ಷರದಲ್ಲಿ "ತಾಳ ಸಹಕಾರ" ಅಂತ ಗೆಳೆಯನ ಹೆಸರು. ಅವನು ಅದನ್ನು ನೋಡಿ, "ಸಹಕಾರಾನಾ? ಸೊಸೈಟಿ ಥರ?" ಅಂತ ನಕ್ಕ. ನಾನೂ ನಕ್ಕೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಇನ್ನೊಂದು ಐಡಿಯಾ ನನ್ನದೇ, ಅದರ ಪಾಪವೂ ನನ್ನದೇ. ರೇಡಿಯೋಗೆ ಕೇಳುಗರು ಕಾರ್ಡು ಬರೆಯುತ್ತಿದ್ದ ಕಾಲ. ನಮಗೂ ಬರೆಯಲಿ ಅಂತ ಪ್ರತಿ ಕ್ಯಾಸೆಟ್ಟಿನ ಜೊತೆ ಒಂದು ಪೋಸ್ಟ್‌ಕಾರ್ಡು ಕೊಡುವುದು ಅಂತಾಯಿತು. ಒಂದು ಕಡೆ ನನ್ನ ಹೆಸರು, ಮನೆ ವಿಳಾಸ. ಇನ್ನೊಂದು ಕಡೆ ಮೇಲುಗಡೆ "ನಿಮ್ಮ ಅಭಿಪ್ರಾಯ ತಿಳಿಸಿ" ಅಂತ ಬರೆದು ಕೆಳಗೆ ಖಾಲಿ ಜಾಗ. ಮುನ್ನೂರು ಕಾರ್ಡಿಗೂ ನಾನೇ ಕೈಯಾರೆ ವಿಳಾಸ ಬರೆದೆ. ಗಾಂಧಿ ಬಜಾರಿನ ಕ್ಯಾಸೆಟ್ ಅಂಗಡಿಯವರು ನಮ್ಮ ತಂದೆಯ ಮುಖ ನೋಡಿ, ಸುಪ್ರಭಾತದ ಪಕ್ಕದಲ್ಲಿ ಒಂದಷ್ಟು ಇಟ್ಟುಕೊಂಡರು. ಮಿಕ್ಕಿದ್ದು ಶೆಡ್ಡಿನಲ್ಲಿ ಪೇರಿಸಿದೆವು.

ಅದೇ ವಾರ ಗೆಳೆಯನಿಗೆ ಒಂದು ಆರ್ಡರು ಬಂತು. ಬೀದರಿನಲ್ಲಿ ಸರ್ಕಾರಿ ಗುಮಾಸ್ತನ ಕೆಲಸ, ಒಂದು ತಿಂಗಳೊಳಗೆ ಹೋಗಿ ಸೇರಬೇಕು. ಮನೆಯವರಿಗೆಲ್ಲ ಖುಷಿ. ಅವನು ಆ ಕವರನ್ನು ಡ್ರಮ್ಮಿನ ಮೇಲಿಟ್ಟು, ಎರಡು ಕಡ್ಡಿಯನ್ನೂ ಅದರ ಮೇಲಿಟ್ಟು, ನನ್ನನ್ನು ನೋಡಿದ.

"ನಂಗೆ ಹೋಗೋಕೆ ಮನಸ್ಸಿಲ್ಲ ಮಗಾ. ಆದ್ರೆ ಸುಮ್ನೆ ಇಲ್ಲಿ ಕೂತ್ಕೊಂಡು ಏನಂತ ಹೇಳ್ಲಿ ಮನೇಲಿ? ಕಾರ್ಡು ಬರುತ್ತಲ್ಲ, ನೋಡೋಣ. ನಾನು ಬಾರ್ಸಿದ್ದು ಯಾರೋ ಒಬ್ಬರಿಗೆ ಕೇಳಿಸಿದೆ ಅಂದ್ರೆ ಸಾಕು, ಇನ್ನೊಂದು ವರ್ಷ ಇದ್ದು ನೋಡ್ತೀನಿ. ಇಲ್ಲಾಂದ್ರೆ ಹೋಗ್ತೀನಿ."

"ಬರುತ್ತೆ ಗುರು, ಬರದೆ ಎಲ್ಲಿಗೆ ಹೋಗುತ್ತೆ" ಅಂದೆ.

ಹತ್ತು ದಿನ ಕಳೆದರೂ ಒಂದೇ ಒಂದು ಕಾರ್ಡಿಲ್ಲ. ಪೋಸ್ಟ್‌ಮ್ಯಾನು ಗೇಟಿನ ಹತ್ತಿರ ಸೈಕಲ್ಲು ನಿಧಾನ ಮಾಡಿ, ನನ್ನ ಮುಖ ನೋಡಿ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ಗೆಳೆಯ ಹೋದರೆ ಬ್ಯಾಂಡಿಲ್ಲ. ಬ್ಯಾಂಡಿಲ್ಲದೆ ಹೋದರೆ ನಾನು ಬಿ.ಕಾಂ. ಮಾಡಿ ಮನೆಯಲ್ಲಿ ಕೂತವನು, ಅಷ್ಟೆ. ಅವನನ್ನು ಉಳಿಸಿಕೊಳ್ಳಬೇಕು ಅಂತ ನಿಜವಾಗಿಯೂ ಅನ್ನಿಸಿತು. ಶೆಡ್ಡಿಗೆ ಹೋಗಿ, ಮಾರಾಟವಾಗದ ಕ್ಯಾಸೆಟ್ಟುಗಳಿಂದ ಒಂದೊಂದೇ ಕಾರ್ಡು ತೆಗೆದು, ಅಭಿಮಾನಿಗಳನ್ನು ಸೃಷ್ಟಿಸೋಕೆ ಕೂತೆ.

ಅಯ್ಯೋ, ಎಷ್ಟು ಶ್ರದ್ಧೆಯಿಂದ ಬರೆದೆ ಅಂತೀರಿ! ಪರೀಕ್ಷೆಗೂ ಅಷ್ಟು ಬರೆದವನಲ್ಲ. ಒಬ್ಬರು ನಿವೃತ್ತ ತಹಸೀಲ್ದಾರರು, ಅವರಿಗೆ ಕೈ ನಡುಗಲಿ ಅಂತ ಎಡಗೈಯಲ್ಲಿ ಬರೆದೆ. "ಈ ತರುಣ ಗಾಯಕನ ಕಂಠದಲ್ಲಿ ನಾಡಿನ ಭವಿಷ್ಯವಿದೆ" ಅಂದರು ಅವರು. ಚಿಕ್ಕ ಮಕ್ಕಳ ತಾಯಿಯೊಬ್ಬರು, ನನ್ನ ದನಿ ಕೇಳಿದರೇನೇ ಮಗು ಊಟ ಮಾಡುತ್ತೆ ಅಂದರು. ಮಲ್ಲೇಶ್ವರದಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ದುಂಡು ಅಕ್ಷರದಲ್ಲಿ, ನಿಮ್ಮ ಸಾಲುಗಳನ್ನು ನೋಟ್ಸಿನ ಹಿಂದೆ ಬರೆದುಕೊಂಡಿದ್ದೇನೆ ಅಂದಳು. ಅವಳ ಕೈಲಿ ನಾಲ್ಕು ಕಾರ್ಡು ಬರೆಸಿದೆ, ಬಿಡೋಕೆ ಮನಸ್ಸಾಗಲಿಲ್ಲ. ಮುದ್ರೆ ಬೇರೆ ಬೇರೆ ಬೀಳಬೇಕಲ್ಲ ಅಂತ ಅಪ್ಪನ ಮೊಪೆಡ್ಡು ತಗೊಂಡು ಮಲ್ಲೇಶ್ವರಕ್ಕೆ, ಅಕ್ಕಿಪೇಟೆಗೆ, ಮಾರ್ಕೆಟ್ಟಿನ ಹತ್ತಿರಕ್ಕೆ ಹೋಗಿ ಡಬ್ಬಕ್ಕೆ ಹಾಕಿ ಬಂದೆ. ಒಟ್ಟು ಇಪ್ಪತ್ತಮೂರು ಕಾರ್ಡು.

ಪೋಸ್ಟ್‌ಕಾರ್ಡು ಅಂದರೆ ಅದಕ್ಕೆ ಬಾಗಿಲಿಲ್ಲ. ಮೊದಲು ಪೋಸ್ಟ್‌ಮ್ಯಾನು ಓದುತ್ತಿದ್ದರು, ಆಮೇಲೆ ಜಗಲಿ ಮೇಲೆ ಕೂತ ಅಜ್ಜಿ, ಆಮೇಲೆ ಬೀದಿಯಲ್ಲಿ ಹೋಗುವ ಅಜ್ಜಿಯ ಗೆಳತಿಯರು, ಕಡೆಗೆ ನಾನು. ನಾಲ್ಕನೇ ದಿನ ಪೋಸ್ಟ್‌ಮ್ಯಾನು, "ಏನ್ ಸಾರ್, ನಿಮ್ಮ ಅಭಿಮಾನಿಗಳೆಲ್ಲ ಒಂದೇ ಪೆನ್ನಲ್ಲಿ ಬರೀತಾರೆ ಅಂತ ಕಾಣುತ್ತೆ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ತಕ್ಷಣ ಜೇಬು ಮುಟ್ಟಿಕೊಂಡೆ. ಅವತ್ತೇ ಗಾಂಧಿ ಬಜಾರಿಗೆ ಹೋಗಿ ಮೂರು ಬಣ್ಣದ ರೀಫಿಲ್ಲು ತಂದೆ. ಅಜ್ಜಿಗೆ ಮಾತ್ರ ಮಲ್ಲೇಶ್ವರದ ಹುಡುಗಿ ಬಹಳ ಹಿಡಿಸಿಬಿಟ್ಟಳು. "ಅಕ್ಷರ ಎಷ್ಟು ಲಕ್ಷಣವಾಗಿದೆ ನೋಡೋ. ಯಾರ ಮನೆಯವಳು ಅಂತ ವಿಚಾರಿಸೋಣ" ಅಂತ ಎರಡು ದಿನ ಬೆನ್ನುಬಿದ್ದರು. ಅವಳನ್ನು ಮನೆತುಂಬಿಸಿಕೊಳ್ಳುವ ಮೊದಲೇ ಅವಳ ಕಾರ್ಡು ನಿಲ್ಲಿಸಬೇಕಾಯಿತು.

ಭಾನುವಾರ ಅಷ್ಟೂ ಕಾರ್ಡು ತಂದು ಶೆಡ್ಡಿನ ಜಮಖಾನದ ಮೇಲೆ ಗೆಳೆಯನ ಮುಂದೆ ಹರಡಿದೆ. ಅವನ ಮುಖ ಅರಳಿತು. "ಲೋ, ಇಷ್ಟೊಂದಾ!" ಅಂತ ಒಂದು ತೆಗೆದು ಓದಿದ. ಇನ್ನೊಂದು ಓದಿದ. ಆಮೇಲೆ ಬೇಗ ಬೇಗ ತಿರುವಿಹಾಕತೊಡಗಿದ. ಕಾಲೇಜಿನ ಬೋರ್ಡಿಗೆ ಅಂಟಿಸಿದ ರಿಸಲ್ಟಿನಲ್ಲಿ ತನ್ನ ನಂಬರು ಹುಡುಕುವವರು ಹೀಗೇ ನೋಡುತ್ತಾರೆ. ಕೊನೆಯ ಕಾರ್ಡು ಮುಗಿದ ಮೇಲೆ ಎಲ್ಲವನ್ನೂ ನೀಟಾಗಿ ಜೋಡಿಸಿ ನನ್ನ ಕೈಗೆ ಕೊಟ್ಟ.

"ಎಲ್ಲಾ ನಿಂಗೇ ಬಂದಿದೆ ಮಗಾ" ಅಂದ.

ಅವನು ಹಾಗಂದಾಗಲೂ ನನ್ನ ಮಂದ ಬುದ್ಧಿಗೆ ಏನೂ ತಟ್ಟಲಿಲ್ಲ. ಮೇಲೆ ವಿನಯ ಬೇರೆ! ಕಣ್ಣು ಕೆಳಗೆ ಮಾಡಿ, "ಮುಂದಿನ ಆಲ್ಬಮ್ಮಿಗೆ ನಿಂಗೂ ಬರುತ್ತೆ ಬಿಡೋ" ಅಂದೆ. ಅವನು ಹೂಂ ಅಂದ. ಅವತ್ತು ಎರಡೇ ಹಾಡು ಬಾರಿಸಿ, ಅಮ್ಮ ಬೇಗ ಬಾ ಅಂದಿದ್ದಾರೆ ಅಂತ ಹೊರಟುಬಿಟ್ಟ.

ಎರಡು ದಿನ ಬಿಟ್ಟು ಇನ್ನೊಂದು ಕಾರ್ಡು ಬಂತು. ಪೋಸ್ಟ್‌ಮ್ಯಾನು ಅದನ್ನು ಅಜ್ಜಿಗೆ ಕೊಡದೆ ನನ್ನ ಕೈಗೇ ಕೊಟ್ಟು, "ಇದು ಬೇರೆ ಥರ ಇದೆ ಸಾರ್" ಅಂದರು. ನಾನು ಬರೆದದ್ದಲ್ಲ. ಮೈ ಜುಮ್ಮೆಂದಿತು, ನಿಜವಾದ ಕೇಳುಗರು! ಅಲ್ಲೇ ಗೇಟಿನ ಹತ್ತಿರ ನಿಂತು ಓದಿದೆ.

"ಹಾಡುವವರಿಗೆ ಶ್ರುತಿಯ ಪರಿಚಯವಿಲ್ಲ. ಹೇಳಿ ಪ್ರಯೋಜನವಿಲ್ಲವೆನ್ನಿಸುತ್ತದೆ. ಆದರೆ ಐದನೆಯ ಹಾಡಿನ ನಡುವೆ ಅವರು ಸುಮ್ಮನಾದಾಗ ಡ್ರಮ್ಸ್ ಬಾರಿಸುವವರು ಕೇಳಿಸಿದರು. ಅಷ್ಟನ್ನು ಮಾತ್ರ ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ. ಆ ಕೈಯಲ್ಲಿ ಲಯ ತಾನಾಗಿ ಇದೆ, ಕಲಿತು ಬರುವಂಥದ್ದಲ್ಲ. ಅವರು ಬಾರಿಸುವುದನ್ನು ಬಿಡಬಾರದು. ಅವರಿಗೆ ನನ್ನ ನಮಸ್ಕಾರ ತಪ್ಪದೆ ತಿಳಿಸಿ." ಕೆಳಗೆ ಹೆಸರಿಲ್ಲ. "ಸಂಗೀತ ಪಾಠ ಹೇಳುವ ಮುದುಕಿ" ಅಂತಷ್ಟೇ ಇತ್ತು.

ಅವನಿಗೆ ಬೇಕಾಗಿದ್ದದ್ದು ಇದೇ ಒಂದು ಕಾರ್ಡು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವತ್ತೇ ಬಸ್ಸು ಹತ್ತಿ ಬಿನ್ನಿಪೇಟೆಗೆ ಹೋಗಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೊದಲ ಸಾಲನ್ನೂ ಅವನು ಓದುತ್ತಾನಲ್ಲ. ಬ್ಲೇಡಿನಲ್ಲಿ ಆ ಸಾಲು ಕತ್ತರಿಸಿ ಕೊಡೋಣ ಅಂತ ಕೂಡ ಯೋಚಿಸಿದೆ. ತಲೆ ಇಲ್ಲದ ಕಾರ್ಡು ನೋಡಿದರೆ ಅವನು ಕೇಳದೆ ಬಿಡುತ್ತಾನೆಯೇ? ಮುದುಕಿಗೆ ಹೊಸ ಸಂಗೀತ ಏನು ಗೊತ್ತು ಅಂತ ಬೈದುಕೊಂಡೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ನಾಳೆ ಕೊಟ್ಟರಾಯಿತು ಅಂತ ಬೀರುವಿನ ಅರೆಗೆ ಹಾಸಿದ್ದ ಪೇಪರಿನ ಕೆಳಗೆ ಇಟ್ಟೆ. ಮಾರನೆಯ ದಿನವೂ ಕೊಡಲಿಲ್ಲ.

ಎಂಟು ದಿನದ ಮೇಲೆ ಅವನು ಬೀದರಿನ ಬಸ್ಸು ಹತ್ತಿದ. ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಶೆಡ್ಡಿನಿಂದ ತಗೊಂಡು ಹೋದ ಡ್ರಮ್ ಸೆಟ್ಟು ಏನು ಮಾಡಿದೆ ಅಂದೆ. ಕೊಟ್ಟುಬಿಟ್ಟೆ ಅಂದ. ಕಿಟಕಿಯಿಂದ ಕೈ ಹೊರಗೆ ಹಾಕಿ, "ನೀನು ಹಾಡೋದು ಬಿಡ್ಬೇಡ ಕಣೋ. ಜನಕ್ಕೆ ಹಿಡಿಸಿದೆ" ಅಂದ. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು. ಬಾಯಿಬಿಟ್ಟು ಹೇಳೋ ಧೈರ್ಯ ಬರಲಿಲ್ಲ. ಬ್ಯಾಂಡು ಅವತ್ತಿಗೇ ಮುಗಿಯಿತು. ನಾನು ಬ್ಯಾಂಕಿನ ಪರೀಕ್ಷೆ ಬರೆದು ಕೌಂಟರಿನ ಹಿಂದೆ ಕೂತೆ.

ಹತ್ತು ವರ್ಷವಾದ ಮೇಲೆ ಅವನಿಗೆ ಬೆಂಗಳೂರಿಗೆ ವರ್ಗವಾಯಿತು. ಮನೆಗೆ ಸುಣ್ಣ ಹೊಡೆಸೋಕೆ ಅಂತ ನಾನು ಬೀರು ಖಾಲಿ ಮಾಡಿದ್ದೂ ಅದೇ ತಿಂಗಳು. ಪೇಪರಿನ ಕೆಳಗೆ ಕಾರ್ಡು ಇಟ್ಟಲ್ಲೇ ಇತ್ತು. ಎಲ್ಲಿದೆ ಅಂತ ನನಗೆ ಯಾವತ್ತೂ ಗೊತ್ತಿತ್ತು, ಸಿಕ್ಕಿತು ಅಂದರೆ ಸುಳ್ಳಾಗುತ್ತದೆ. ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಒಂದು ಹೋಟೆಲ್ಲಿಗೆ ಅವನನ್ನು ಕರೆದೆ. ತಲೆ ಆಗಲೇ ಅಲ್ಲಲ್ಲಿ ನರೆತಿತ್ತು, ಕೈ ಮಾತ್ರ ಹಾಗೇ ಇತ್ತು, ಕಾಫಿ ಬರುವವರೆಗೂ ಮೇಜಿನ ಮೇಲೆ ಬೆರಳು ಆಡುತ್ತಲೇ ಇತ್ತು. ಕಾರ್ಡು ಮುಂದಿಟ್ಟೆ.

ಓದುತ್ತಾ ಓದುತ್ತಾ ಬೆರಳು ನಿಂತಿತು. ಮುದ್ರೆಯ ತಾರೀಖು ನೋಡಿದ. ಅವರ ವಿಳಾಸ ಇದೆಯೇನೋ ಅಂತ ಹಿಂದೆ ಮುಂದೆ ತಿರುಗಿಸಿ ಹುಡುಕಿದ. ಅಲ್ಲಿ ಇದ್ದದ್ದು ನನ್ನ ಹೆಸರು, ನನ್ನ ವಿಳಾಸ, ನಾನೇ ದಪ್ಪ ಅಕ್ಷರದಲ್ಲಿ ಬರೆದದ್ದು.

"ಶ್ರುತಿ ಬಗ್ಗೆ ಬರೆದಿದ್ರಲ್ಲ, ಅದಕ್ಕೇ ಕೊಡ್ಲಿಲ್ಲ. ತಪ್ಪಾಯ್ತು ಕಣೋ" ಅಂದೆ. ಶುರು ಮಾಡಿದ ಮೇಲೆ ಪೂರ್ತಿ ಹೇಳಿಬಿಡೋಣ ಅಂತ ಅದನ್ನೂ ಹೇಳಿದೆ. "ಮಿಕ್ಕಿದ್ದೆಲ್ಲ ಬರೆದಿದ್ದು ನಾನೇ. ನೀನು ಹೋಗ್ಬಾರ್ದು ಅಂತ."

"ತಹಸೀಲ್ದಾರ್ರು?"

"ನಾನೇ. ಎಡಗೈ."

"ಮಲ್ಲೇಶ್ವರದ ಹುಡುಗಿ?"

"ಅವಳೂ ನಾನೇ."

ಅವನು ಎಷ್ಟು ಜೋರಾಗಿ ನಕ್ಕ ಅಂದರೆ ಪಕ್ಕದ ಮೇಜಿನವರು ದೋಸೆ ಬಿಟ್ಟು ತಿರುಗಿ ನೋಡಿದರು. ಸದ್ಯ, ಬದುಕಿದೆ ಅಂತ ನಾನೂ ನಕ್ಕೆ. ಅವನು ಕಣ್ಣೊರೆಸಿಕೊಂಡು, ಕಾಫಿ ಲೋಟ ಪಕ್ಕಕ್ಕಿಟ್ಟು, ನನ್ನ ಮುಖ ನೋಡಿದ. ನಗು ಮುಗಿದಿತ್ತು.

"ಇಪ್ಪತ್ತಮೂರು ಕಾರ್ಡು ಬರೆದೆ. ನನ್ನ ಉಳಿಸ್ಕೋಬೇಕು ಅಂತಾನೇ ಬರೆದೆ. ಒಂದ್ರಲ್ಲಿ ನನ್ನ ಬಗ್ಗೆ ಒಂದು ಸಾಲು ಬರೀಬಹುದಾಗಿತ್ತಲ್ಲೋ. ಸುಳ್ಳಾದ್ರೂ ನಡೀತಿತ್ತು."

ಏನಾದರೂ ನೆಪ ಸಿಗುತ್ತದೆಯೇನೋ ಅಂತ ಯೋಚಿಸಿದೆ. ಎಡಗೈಯಲ್ಲಿ ಬರೆಯೋಕೆ ಹೊಳೆದಿತ್ತು, ಮೂರು ಬಣ್ಣದ ರೀಫಿಲ್ಲು ಹೊಳೆದಿತ್ತು, ಅಕ್ಕಿಪೇಟೆಯ ಡಬ್ಬ ಹೊಳೆದಿತ್ತು.

"ಹೊಳೀಲಿಲ್ಲ ಕಣೋ" ಅಂದೆ.

ಅವನು ಸರಿ ಅನ್ನುವ ಹಾಗೆ ತಲೆಯಾಡಿಸಿ, ಕಾರ್ಡನ್ನು ಅಂಗಿಯ ಜೇಬಿಗಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದ.