ಫಿಲ್ಮಿನ ಅಂಚು ಕಪ್ಪಾಗಿರಲಿಲ್ಲ

ಆ ಮದುವೆಯ ಫಿಲ್ಮು ಕೆಟ್ಟದ್ದು ನಿನ್ನಿಂದಲ್ಲ, ಬಸಮ್ಮ. ನಿನ್ನ ಕೈ ಮುರಿಯುವಾಗಲೇ ನನಗೆ ಅದು ಗೊತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾನ್ವಿಯಲ್ಲಿ ನಮ್ಮ ಸ್ಟುಡಿಯೋ ಆಗಷ್ಟೇ ಶುರುವಾಗಿತ್ತು — ಮುಂದೆ ನಾನು, ಹಿಂದಿನ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುವ ನೀನು. ಅಗ್ಗಕ್ಕೆ ಸಿಕ್ಕಿತೆಂದು ರಾಯಚೂರಿನಿಂದ ಹಳೆಯ ಕ್ಯಾಮೆರಾ ಒಂದನ್ನು ತಂದಿದ್ದೆ. ರೋಲಿಗೆ ಹನ್ನೆರಡು ದೊಡ್ಡ ಚಿತ್ರ. ಮುಂಭಾಗ ಎಳೆದರೆ ಕರಿ ಚರ್ಮದ ತಿದಿ ಬಿಚ್ಚಿಕೊಳ್ಳುತ್ತಿತ್ತು. ಮಾರಿದವನು ಎಚ್ಚರಿಸಿದ್ದ: "ತಿದಿ ಮಡಿಕಿ ಸವದಾವ್ರಿ. ಬಿಸಲಾಗ ನಂಬಬ್ಯಾಡ್ರಿ." ಆ ಮಾತನ್ನು ನಿನಗೆ ಹೇಳಲಿಲ್ಲ.

ಕವಿತಾಳದ ಮದುವೆ ಸುಡುಬಿಸಿಲಲ್ಲಿ ನಡೆಯಿತು. ನೀನು ತೊಳೆದು ಕೊಟ್ಟ ಫಿಲ್ಮನ್ನು ಬೆಳಕಿಗೆ ಹಿಡಿದೆ — ಮುಖಗಳ ಜಾಗದಲ್ಲಿ ಬರೀ ಕಪ್ಪು. ಆದರೆ ಅಂಚು ತಿಳಿಯಾಗಿತ್ತು. ಕೋಣೆಯ ಬಾಗಿಲು ತೆರೆದು ಬೆಳಕು ಬಿದ್ದಿದ್ದರೆ ಅಂಚೂ ಕಪ್ಪಾಗಬೇಕಿತ್ತು. ಚಿತ್ರದ ಚೌಕದೊಳಗಷ್ಟೇ ಕಪ್ಪು ಎಂದರೆ, ಬೆಳಕು ನುಗ್ಗಿದ್ದು ಕ್ಯಾಮೆರಾದಲ್ಲೇ, ತಿದಿಯ ತೂತಿನಿಂದ. ಒಂದೇ ನೋಟಕ್ಕೆ ತಿಳಿಯಿತು — ತಿಳಿದೂ...

ಹೆಣ್ಣಿನ ತಂದೆ, ಅಣ್ಣ ಇಬ್ಬರೂ ಅಂಗಡಿಗೆ ನುಗ್ಗಿದರು. ತಂದೆ ನನ್ನ ಕೊರಳಪಟ್ಟಿ ಹಿಡಿದ. "ನನ್ನ ಮಗಳ ಮದವಿ ಫೋಟೋ ಎಲ್ಲಿ ಅದಾವಲೇ?"

ಹೆದರಿದೆ. ಬೆರಳು ನಿನ್ನ ಕಡೆ ಹೋಯಿತು. "ಈಕಿನೇ ಬಾಗಲಾ ತಗದು ಕೆಡಿಸ್ಯಾಳ್ರಿ!"

"ಇಲ್ರೀ... ನಾ ಬಾಗಲಾ ತಗದಿಲ್ರೀ," ಅಂದೆ ನೀನು.

ನಿನ್ನ ಬಾಯಿ ಮುಚ್ಚಿಸಬೇಕಿತ್ತು ನನಗೆ. ಕ್ಯಾಮೆರಾ ಸ್ಟ್ಯಾಂಡ್ ಎತ್ತಿ ಬೀಸಿದೆ. ತಲೆಗೆ ಅಡ್ಡ ಹಿಡಿದ ನಿನ್ನ ಬಲಗೈ ಲಟಕ್ಕೆಂದಿತು. ಬಿದ್ದ ಮೇಲೂ ಹೊಡೆದೆ — ಬೆನ್ನಿಗೆ, ಸೊಂಟಕ್ಕೆ, ಕೈಗೆ ಸಿಕ್ಕಲ್ಲಿ. ನನ್ನನ್ನು ಹೊಡೆಯಲು ಬಂದಿದ್ದ ಆ ಅಣ್ಣನೇ ಸ್ಟ್ಯಾಂಡ್ ಕಿತ್ತುಕೊಂಡ. "ಸಾಯ್ತಾಳಲೇ, ಬಿಡು!"

ನೀನು ದೇವದುರ್ಗದ ತವರಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದಾಗ, ನಾನಿಲ್ಲಿ ತಿದಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಮಡಿಕೆಗಳಲ್ಲಿ ಏಳು ತೂತು. ಕರಿಬಟ್ಟೆ ಅಂಟಿಸಿದೆ. ಆಮೇಲೆ ಅದು ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. ಬಂದವರಿಗೆಲ್ಲ ಹೇಳಿದೆ — ಕ್ಯಾಮೆರಾ ಗಟ್ಟಿ ಅದ, ಅವತ್ತು ಕೆಡಿಸಿದ್ದು ನನ್ನ ಹೆಂಡತಿ. ನಮ್ಮ ಮಗಳೂ ಅದನ್ನೇ ಕೇಳಿ ಬೆಳೆದಳು. ನೀನು ಮತ್ತೆ ಕತ್ತಲೆಕೋಣೆಗೆ ಕಾಲಿಡಲಿಲ್ಲ. ಸೊಟ್ಟಗೆ ಕೂಡಿದ ಆ ಕೈಯಿಂದಲೇ ನನಗೆ ರೊಟ್ಟಿ ಬಡಿದೆ.

ನಿನ್ನೆ ಮಗಳಿಗೆ ಹೇಳಿದೆ. ಉಣ್ಣುತ್ತಿದ್ದ ಗಂಗಾಳ ಸರಿಸಿ ಎದ್ದುಬಿಟ್ಟಳು. "ಯಪ್ಪಾ, ಇದನ್ನ ನನಗ್ಯಾಕ ಹೇಳಾಕತ್ತಿ? ಅವ್ವಗ ಹೇಳು."

ಅದಕ್ಕೇ ಬರೆದೆ. ಅಂದು ಹೆದರಿದ್ದೆ ಎಂದರೆ — ಇಲ್ಲ, ಅದೂ ಬೇಡ. ಕ್ಷಮಿಸು ಎಂದು ಕೇಳುವುದಿಲ್ಲ. ನಾಳೆ ಕವಿತಾಳಕ್ಕೆ ಹೋಗುತ್ತೇನೆ. ಆ ತಂದೆ ಈಗಿಲ್ಲ, ಅಣ್ಣ ಇದ್ದಾನೆ. ಅವನ ಮನೆಯ ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ, ಎಲ್ಲವನ್ನೂ ಹೇಳುತ್ತೇನೆ. ಹೇಳಿ ಬಂದ ಮೇಲೆ ಈ ಮನೆಯಲ್ಲಿ ನಾನು ಇರಬೇಕೋ ಬೇಡವೋ — ಅದನ್ನು ನೀನು ಹೇಳು.