ಸ್ನಾನದ ಪುಡಿಯ ತಾರೀಖು

ಕಳೆದ ವಾರ ಅಡುಗೆಮನೆಯ ಅಟ್ಟವನ್ನು ಖಾಲಿ ಮಾಡಿಸುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ತುಕ್ಕು ಹಿಡಿದ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಬೇಕಾಯಿತು. ಒಳಗಿದ್ದ ಹಿಟ್ಟಿನಲ್ಲಿ ಹುಳುಗಳು ಹುಟ್ಟಿ, ಸಂಸಾರ ಮಾಡಿ, ಸತ್ತು ಎಷ್ಟೋ ಕಾಲವಾಗಿತ್ತು. ಆದರೆ ವಾಸನೆ ಸತ್ತಿರಲಿಲ್ಲ. ಕಸ್ತೂರಿ ಅರಿಶಿನ, ಒಣಗಿದ ಕಿತ್ತಳೆ ಸಿಪ್ಪೆ, ಲಾವಂಚ, ಇವುಗಳ ಹಿಂದೆ ಹೆಸರುಕಾಳಿನ ಹಸಿ ವಾಸನೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅಟ್ಟದ ಮೇಲಿದ್ದ ಕೆಲಸದವಳು, “ಏನಮ್ಮಾ, ತಲೆ ಸುತ್ತು ಬಂತಾ?” ಎಂದಳು. ಇಲ್ಲವೆಂದೆ.

ಡಬ್ಬಿಯ ಮೈಗೆ ಒಂದು ಚೀಟಿ ಅಂಟಿಸಿತ್ತು. ದುಂಡನೆಯ ಅಕ್ಷರಗಳಲ್ಲಿ, ‘ಸ್ನಾನದ ಪುಡಿ. ರಥಸಪ್ತಮಿ ಕಳೆದು ಮೂರನೇ ದಿನ.’ ಅದರ ಕೆಳಗೆ ಎಣ್ಣೆಯ ಕಲೆಯಲ್ಲಿ ಮುಳುಗಿದ ಇನ್ನೊಂದು ಸಾಲಿತ್ತು. ಅದನ್ನು ಆಗಲೇ ಓದಲಾಗಲಿಲ್ಲ. ಆದ್ದರಿಂದ ಇಲ್ಲಿಯೂ ಸ್ವಲ್ಪ ತಡವಾಗಿಯೇ ಹೇಳುತ್ತೇನೆ.

ನಾನು ಶಾಸನಗಳ ಕಾಲನಿರ್ಣಯ ಮಾಡಿಕೊಂಡು ಬದುಕಿದವಳು. ನಿವೃತ್ತಳಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೆ ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಪಂಚಾಂಗ ತೆಗೆದು ನೋಡಿಯೇ ಅಕ್ಷತೆ ಮುಟ್ಟುವುದು. ನಮ್ಮ ಮನೆಯ ಉಪ್ಪಿನಕಾಯಿ, ಸಾರಿನ ಪುಡಿ, ಹಪ್ಪಳ ಎಲ್ಲಕ್ಕೂ ತಾರೀಖಿನ ಚೀಟಿ ಇರಲೇಬೇಕೆಂದು ಕಟ್ಟಳೆ ಮಾಡಿದವಳು ನಾನೇ. ಅದನ್ನು ಪಾಲಿಸುತ್ತಿದ್ದವರು ಅತ್ತಿಗೆ ಜಯಮ್ಮ. ಆದರೆ ತಮ್ಮದೇ ರೀತಿಯಲ್ಲಿ ಪಾಲಿಸುತ್ತಿದ್ದರು: ತಾರೀಖಿನ ಬದಲು ಹಬ್ಬ, ಇಸವಿಯ ಸುದ್ದಿಯೇ ಇಲ್ಲ. “ಇಸವಿ ಇಲ್ಲದ ಶಾಸನ ಅತ್ತಿಗೆ ಇದು, ಪ್ರಯೋಜನವಿಲ್ಲ” ಎಂದು ನಾನು ರೇಗಿಸಿದರೆ, “ಪುಡಿ ಮೂರು ತಿಂಗಳಿಗೆ ಮುಗೀತದೆ. ಇಸವಿ ಕಟ್ಕೊಂಡು ಏನ್ಮಾಡ್ಲಿ?” ಎನ್ನುತ್ತಿದ್ದರು.

ತಿ. ನರಸೀಪುರದ ಕಡೆಯ ಹಳ್ಳಿಯಿಂದ ನಜರ್‌ಬಾದಿನ ನಮ್ಮ ಮನೆಗೆ ಅವರು ಸೊಸೆಯಾಗಿ ಬಂದಾಗ ನಾನು ಇನ್ನೂ ಕಾಲೇಜಿನಲ್ಲಿದ್ದೆ. ನನಗಿಂತ ಎರಡು ವರ್ಷ ದೊಡ್ಡವರೆಂದು ಮನೆಯವರೆಲ್ಲ ಹೇಳುತ್ತಿದ್ದರು. ಅವರ ಶಾಲೆಯ ಪತ್ರ ತೆಗೆಸಿ ನೋಡಿ, ಒಂದು ವರ್ಷ ಹತ್ತು ತಿಂಗಳು ಮಾತ್ರವೆಂದು ನಾನು ತಿದ್ದಿದೆ. ಏಳನೆಯ ತರಗತಿಗೆ ಓದು ನಿಲ್ಲಿಸಿದ್ದ ಅವರಿಗೆ ಮೈಯನ್ನು ನೋಡಿಕೊಳ್ಳುವ ವಿದ್ಯೆ ಮಾತ್ರ ಪೂರ್ಣವಾಗಿ ಬಂದಿತ್ತು. ಬೆಳಿಗ್ಗೆ ಎದ್ದೊಡನೆ ತಾಮ್ರದ ಚೊಂಬಿನ ನೀರು. ಮುಖಕ್ಕೆ ತಣ್ಣೀರು, ಎಂದಿಗೂ ಬಿಸಿಯಲ್ಲ. ಹಾಲಿನ ಕೆನೆಯಲ್ಲಿ ಒಂದು ಬೆರಳಿನಷ್ಟು ಕೆನ್ನೆಗೆ, ಉಳಿದದ್ದು ತುಪ್ಪಕ್ಕೆ. ಹತ್ತು ಗಂಟೆಯ ಮೇಲೆ ಕೊಡೆಯಿಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಊಟಕ್ಕೆ ಮಜ್ಜಿಗೆ ತಪ್ಪಿದರೆ ಹಬ್ಬವೇ ಕೆಟ್ಟಂತೆ. ರಾತ್ರಿ ಬೇಗ ನಿದ್ದೆ. ಕ್ರೀಮು, ಪೌಡರು ಒಂದೂ ಇಲ್ಲ. ಅರವತ್ತರಲ್ಲಿ ಅವರ ಕೆನ್ನೆ ನಲವತ್ತರದ್ದಾಗಿತ್ತು. ನನ್ನ ನಲವತ್ತರ ಮುಖವನ್ನೇ ಜನ ಅರವತ್ತೆಂದು ಓದುತ್ತಿದ್ದರು.

ಸ್ನಾನದ ಪುಡಿಯನ್ನು ಬೀಸಿಸುವುದೊಂದು ಉತ್ಸವ. ಗಿರಣಿಯವನು ಅವರನ್ನು ಕಂಡರೆ ಕೈಮುಗಿಯುತ್ತಿದ್ದ. “ಅಮ್ಮಾ, ಹೋದ್ಸಲ ನಿಮ್ ಪುಡಿ ಆದ್ಮೇಲೆ ರಾಗಿ ಹಾಕ್ಸಿದೋರು ಜಗಳಕ್ಕೆ ಬಂದ್ಬುಟ್ರು. ಮುದ್ದೆಯೆಲ್ಲ ಗಮಗಮ ಅಂತದಂತೆ!” ಅತ್ತಿಗೆ ಸೆರಗು ಬಾಯಿಗೆ ಹಿಡಿದು ನಕ್ಕು, “ಅವರ ಕರುಳಾದ್ರೂ ಬೆಳ್ಳಗಾಯ್ತದೆ, ಸುಮ್ಕಿರಪ್ಪ” ಎಂದರು. ಅಂದಿನಿಂದ ಗಿರಣಿ ಮುಚ್ಚುವ ಹೊತ್ತಿಗೆ, ಕೊನೆಯ ಸರದಿ ಅವರದೇ.

ನನ್ನ ಮುಖದ ವಿಷಯದಲ್ಲಿ ಅವರಿಗೆ ನಿಜವಾದ ವ್ಯಥೆಯಿತ್ತು. ಹೊಲದ ಬದುಗಳಲ್ಲಿ, ಪಾಳು ಗುಡಿಗಳಲ್ಲಿ, ನೆತ್ತಿಯ ಬಿಸಿಲಿನಲ್ಲಿ ನಿಂತು ಕಲ್ಲು ತೊಳೆದು ಅದರ ಅಕ್ಷರಗಳ ಅಚ್ಚನ್ನು ಕಾಗದಕ್ಕೆ ತೆಗೆಯುವ ನನ್ನ ಕೆಲಸವನ್ನು ಅವರು ಒಮ್ಮೆ ಬಂದು ನೋಡಿದ್ದರು. “ಅಲ್ಲ ಕಣಮ್ಮಿ, ಆ ಕಲ್ಲಿಗೆ ನೀರ್ ಹಾಕಿ, ಬ್ರಷ್ ಹಾಕಿ, ಮಗು ಮೈ ತೊಳ್ದಂಗೆ ತೊಳೀತೀಯ. ನಿನ್ ಮುಖ ಏನ್ ಪಾಪ ಮಾಡಿತ್ತು?” ಎಂದು ತಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದರು. ನಾನು ಅಕ್ಷರಕ್ಕೆ ನೆರಳು ಬೀಳುತ್ತದೆಂದು ಸಿಡುಕಿದೆ.

ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೂ, ಅವರ ಮಗಳು ಶೈಲಾಳೂ ಸಿದ್ಧಾರ್ಥನಗರದ ಈ ಮನೆಗೆ ಬಂದೆವು. ತಾಮ್ರದ ಹಂಡೆಯೂ ಜೊತೆಗೆ ಬಂತು. ಭಾನುವಾರದ ಎಣ್ಣೆಸ್ನಾನ ತಪ್ಪುವಂತಿರಲಿಲ್ಲ. ಅದರಲ್ಲಿ ಒಂದು ಒಪ್ಪಂದವಿತ್ತು: ಮನುಷ್ಯರಿಗೆ ತಮ್ಮ ಬೆನ್ನು ಎಟುಕದು, ಆದ್ದರಿಂದ ನನ್ನ ಬೆನ್ನು ಅವರಿಗೆ, ಅವರ ಬೆನ್ನು ನನಗೆ. ಅವರು ನನ್ನ ಬೆನ್ನನ್ನು ಉಜ್ಜುವಾಗ ಒಂದೊಂದು ಮಚ್ಚೆಯ ಯೋಗಕ್ಷೇಮವನ್ನೂ ವಿಚಾರಿಸುತ್ತಿದ್ದರು: “ಇದು ಹಳೇದು, ಇದು ಹೊಸದು, ಇದು ಸೊಳ್ಳೆ.” ನಾನಾದರೋ ಹಬೆಗೆ ಮಂಜಾಗುತ್ತದೆಂದು ಕನ್ನಡಕ ತೆಗೆದಿಟ್ಟು, ಮನಸ್ಸಿನಲ್ಲಿ ಯಾವುದೋ ಅಡಿಟಿಪ್ಪಣಿಯನ್ನು ತಿದ್ದುತ್ತ, ಪುಡಿ ಬಳಿದು ನೀರು ಹೊಯ್ದು ಕೆಲಸ ಮುಗಿಸುತ್ತಿದ್ದೆ.

ಅಂಥ ಒಂದು ಭಾನುವಾರ ಅವರು ಹೇಳಿದರು: “ವಸಿ ನೋಡು ಕಣಮ್ಮಿ, ಬೆನ್ ಮ್ಯಾಲೆ ಅದೇನೋ ಕಡೀತದೆ. ಪುಡಿ ಹಾಕಿದ್ರೆ ಉರೀತದೆ.”

ಕನ್ನಡಕವಿಲ್ಲದ ಕಣ್ಣಿಗೆ ಬೆನ್ನು ಬೆನ್ನಿನಂತೆಯೇ ಕಂಡಿತು. “ಬೆವರುಸಾಲೆ ಅತ್ತಿಗೆ. ಬಿಡಿ, ಹೋಗುತ್ತೆ” ಎಂದೆ.

ಈ ಮಾತು ನಡೆದದ್ದು ಒಂದು ಬೇಸಿಗೆಯ ಆರಂಭದಲ್ಲಿ, ಯುಗಾದಿಗೆ ಸ್ವಲ್ಪ ಮೊದಲು ಎಂದು ಒಂಬತ್ತು ವರ್ಷ ನಾನು ನಂಬಿದ್ದೆ. ಏಕೆಂದರೆ ಆ ಯುಗಾದಿ ಕಳೆದ ವಾರದಲ್ಲೇ, ಅವರ ಒಳಕುಪ್ಪಸಕ್ಕೆ ರಕ್ತ ಅಂಟಿದ್ದನ್ನು ಶೈಲಾ ಒಗೆಯುವಾಗ ಕಂಡು, ನಾವು ಚರ್ಮದ ವೈದ್ಯರ ಬಳಿಗೆ ಹೋದೆವು. ಅಲ್ಲಿ ಕನ್ನಡಕ ಹಾಕಿಕೊಂಡು ನಾನು ಮೊದಲ ಬಾರಿಗೆ ನೋಡಿದೆ: ಎಡ ಹೆಗಲಮೂಳೆಯ ಕೆಳಗೆ ಹೆಬ್ಬೆರಳ ಉಗುರಿನಷ್ಟಗಲದ ಕಪ್ಪು ಗಾಯ, ಅಂಚು ಹರಿದಂತೆ.

“ಎಷ್ಟು ದಿನದಿಂದ ಇದೆ?” ಎಂದರು ವೈದ್ಯರು.

ಅತ್ತಿಗೆ ನನ್ನ ಕಡೆಗೆ ತಿರುಗಿದರು. “ನಮ್ಮಮ್ಮಿನೇ ಕೇಳಿ ಸಾರ್. ತಾರೀಖೆಲ್ಲ ಅವಳ ಇಲಾಖೆ.”

“ಒಂದು ತಿಂಗಳಿರಬಹುದು” ಎಂದೆ ನಾನು, ತುಂಬ ಖಚಿತವಾದ ದನಿಯಲ್ಲಿ.

ಅತ್ತಿಗೆ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ವೈದ್ಯರಿಗೆ, “ಅವಳು ಹೇಳಿದ್ರೆ ಸರಿಯಾಗೇ ಇರ್ತದೆ” ಎಂದರು.

ವೈದ್ಯರು ಬರೆದುಕೊಂಡರು. ಪರೀಕ್ಷೆಗಳಾದ ಮೇಲೆ, ಇದು ಚರ್ಮದ ಕ್ಯಾನ್ಸರ್, ಒಂದು ತಿಂಗಳಿನದಾಗಿ ಕಾಣುವುದಿಲ್ಲ, ಒಳಗೆ ಬಹಳ ಹರಡಿದೆ ಎಂದರು. ಶಸ್ತ್ರಚಿಕಿತ್ಸೆ ಆಯಿತು, ಔಷಧಿಗಳಾದವು. ಮುಂದಿನ ದಸರೆಯ ದೀಪಗಳನ್ನು ನೋಡಲು ಅತ್ತಿಗೆ ಉಳಿಯಲಿಲ್ಲ. ಕೊನೆಯ ದಿನ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದಾಗ ಹಳ್ಳಿಯಿಂದ ಬಂದ ಅವರ ಚಿಕ್ಕಮ್ಮ ಮುಖವನ್ನು ಸವರಿ, “ಒಂದು ಸುಕ್ಕಿಲ್ವಲ್ಲವ್ವ, ಮದುವಣಗಿತ್ತಿ ಇದ್ದಂಗಿದ್ದಾಳೆ” ಎಂದು ಅತ್ತರು. ಆ ಮಾತಿಗೆ ನಾನು ಹಿತ್ತಲಿಗೆ ಎದ್ದು ಹೋದೆ.

ಈಗ ಆ ಚೀಟಿ. ಅದನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮಸೂರ ಇಟ್ಟೆ. ಎಣ್ಣೆಯ ಕಲೆಯೊಳಗಿನಿಂದ ಎರಡನೆಯ ಸಾಲು ಎದ್ದಿತು: ‘ಬೆನ್ನಿಗೆ ಬೇಡ, ಉರೀತದೆ.’

ಇಸವಿಯಿಲ್ಲವಲ್ಲ, ವೈದ್ಯರನ್ನು ಕಂಡ ವರ್ಷದ್ದೇ ಇರಬಹುದು ಎಂದು ಒಂದು ಗಳಿಗೆ ಸಮಾಧಾನಪಟ್ಟೆ. ಆಮೇಲೆ ಚೀಟಿಯನ್ನು ಮಗುಚಿ ನೋಡಿದೆ. ಅತ್ತಿಗೆ ಚೀಟಿಗಳನ್ನು ಕತ್ತರಿಸುತ್ತಿದ್ದದ್ದು ನನ್ನ ರದ್ದಿಯಿಂದ. ಹಿಂಬದಿಯಲ್ಲಿ ನನ್ನ ಕೊನೆಯ ಪುಸ್ತಕದ ಮೂರನೆಯ ಅಧ್ಯಾಯದ ಕರಡಚ್ಚು, ಕೆಂಪು ಶಾಯಿಯಲ್ಲಿ ನನ್ನದೇ ತಿದ್ದುಪಡಿ. ಆ ಕರಡಚ್ಚು ನನ್ನ ಕೈಗೆ ಬಂದ ಚಳಿಗಾಲ ಯಾವುದೆಂದು ನನಗೆ ಗೊತ್ತು. ಪುಸ್ತಕ ಅದೇ ವರ್ಷದ ಶ್ರಾವಣದಲ್ಲಿ ಅಚ್ಚಾಯಿತು, ಕರಡಿನ ರದ್ದಿಯೆಲ್ಲ ಆಗಲೇ ತೂಕಕ್ಕೆ ಹೋಯಿತು; ವೈದ್ಯರನ್ನು ಕಂಡದ್ದು ಅದರ ಮುಂದಿನ ಯುಗಾದಿಗೆ. ಅಂದರೆ ಇದು ವೈದ್ಯರನ್ನು ಕಂಡ ವರ್ಷದ ರಥಸಪ್ತಮಿಯಲ್ಲ, ಅದರ ಹಿಂದಿನ ವರ್ಷದ್ದು. ಪಂಚಾಂಗ ತೆಗೆದೆ. ನಡುವೆ ಅಧಿಕಮಾಸ ಬಿದ್ದಿತ್ತೇ ಎಂದೂ ನೋಡಿದೆ, ಬಿದ್ದಿರಲಿಲ್ಲ. ಹದಿಮೂರು ತಿಂಗಳಿಗೂ ಮೇಲೆ.

ಇನ್ನೂ ಒಂದು ಸಾಕ್ಷ್ಯ ಬೇಕೆಂದು ನನ್ನ ದಿನಚರಿಗಳ ಕಪಾಟು ತೆರೆದೆ. ಒಪ್ಪಿಕೊಳ್ಳುತ್ತೇನೆ, ಅದು ಸತ್ಯಕ್ಕಾಗಿ ಅಲ್ಲ, ಬಿಡುಗಡೆಗಾಗಿ. ಆ ರಥಸಪ್ತಮಿಯ ಹಿಂದಿನ ಭಾನುವಾರದ ಪುಟದಲ್ಲಿ ನನ್ನ ಅಕ್ಷರ: ‘ಮೂರನೆಯ ಅಧ್ಯಾಯ ತಿದ್ದಿದ್ದು. ಎಣ್ಣೆಸ್ನಾನ. ಅತ್ತಿಗೆಗೆ ಬೆವರುಸಾಲೆ.’

ಮಾಘಮಾಸದ ಚಳಿಯಲ್ಲಿ ಬೆವರುಸಾಲೆ! ವಿದ್ಯಾರ್ಥಿಯೊಬ್ಬ ಪ್ರಬಂಧದಲ್ಲಿ ಇಂಥ ಕಾಲದೋಷ ಮಾಡಿದ್ದರೆ ನಾನು ಪುಟವನ್ನೇ ಹಿಂತಿರುಗಿಸುತ್ತಿದ್ದೆ. ನನ್ನ ನೆನಪು ಅದನ್ನು ತಿದ್ದಿದ ರೀತಿ ನೋಡಿ: ಉತ್ತರವನ್ನು ಹಾಗೆಯೇ ಉಳಿಸಿಕೊಂಡು, ಅದಕ್ಕೆ ಹೊಂದುವಂತೆ ಋತುವನ್ನು ಬದಲಾಯಿಸಿತು. ಆ ಭಾನುವಾರದ ನಂತರ ಅತ್ತಿಗೆ ಮತ್ತೆ ನನ್ನನ್ನು ಕೇಳಲಿಲ್ಲ. ಬೆನ್ನನ್ನು ಬಿಟ್ಟು ಉಳಿದ ಮೈಗೆ ಪುಡಿ ಹಚ್ಚಿಕೊಂಡರು. “ಬೆನ್ನು ಬೇಡ, ನೀನು ಓದ್ಕೋ ಹೋಗು” ಎನ್ನುತ್ತಿದ್ದದ್ದು ಈಗ ನೆನಪಾಗುತ್ತಿದೆ. ಅದನ್ನು ನಾನು ನನ್ನ ವಿದ್ವತ್ತಿಗೆ ಸಲ್ಲಿಸಿದ ಗೌರವವೆಂದು ತಿಳಿದಿದ್ದೆ.

ನಿನ್ನೆ ಭಾನುವಾರ. ಈಗ ಬೇರೆ ಮನೆ ಮಾಡಿಕೊಂಡು ಯಾದವಗಿರಿಯ ಶಾಲೆಯೊಂದರಲ್ಲಿ ಪಾಠ ಹೇಳುವ ಶೈಲಾ ಎಂದಿನಂತೆ ಬಂದಳು. ಚೀಲದಲ್ಲಿ ನನಗೊಂದು ಸನ್‌ಸ್ಕ್ರೀನ್ ಟ್ಯೂಬು. “ಅತ್ತೆ, ಎಪ್ಪತ್ತಾದ್ರೂ ಹಚ್ಕೋಬೇಕು. ಮನೆಯಿಂದ ಹೊರಡೋ ಮುಂಚೆ, ಕತ್ತಿಗೂ ಸೇರಿಸಿ.” ನಾನು ಚೀಟಿಯನ್ನೂ ದಿನಚರಿಯನ್ನೂ ಅವಳ ಮುಂದೆ ಇಟ್ಟು, ಇಷ್ಟನ್ನೂ ಹೇಳಿದೆ. ಹೇಳದೆ ಇರಬಹುದಿತ್ತು; ಆದರೆ ವೈದ್ಯರ ಕಾಗದದಲ್ಲಿ ಇಂದಿಗೂ ‘ಒಂದು ತಿಂಗಳು’ ಎಂದಿದೆ, ಅದು ನನ್ನ ಹೇಳಿಕೆ.

ಅವಳು ತಾಯಿಯ ಅಕ್ಷರದ ಮೇಲೆ ಬೆರಳಾಡಿಸಿದಳು. “ಅಮ್ಮನಿಗೆ ಗೊತ್ತಿತ್ತಲ್ಲ ಅತ್ತೆ. ಅವರಾದ್ರೂ ಹೇಳ್ಬೋದಿತ್ತು.”

“ಹೇಳಿದ್ದರು” ಎಂದೆ.

ಅವಳು ಅಳಲಿಲ್ಲ, ನನ್ನನ್ನು ಕ್ಷಮಿಸಿದೆನೆಂದೂ ಹೇಳಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದಳು. ತಣ್ಣೀರಿನಲ್ಲಿ.

“ಶೈಲಾ, ನಿನ್ನ ಬೆನ್ನನ್ನು ಯಾರಾದರೂ ನೋಡಿದ್ದಾರಾ?” ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಸ್ಟೂಲನ್ನು ಕಿಟಕಿಯ ಬಳಿಗೆ ಎಳೆದೆ. ಅವಳು ಬೆನ್ನು ತಿರುಗಿಸಿ ಕುಳಿತು, ಕುಪ್ಪಸ ಸಡಿಲಿಸಿದಳು. ನಾನು ಕನ್ನಡಕ ತೆಗೆಯಲಿಲ್ಲ. ಅದರ ಮೇಲೆ ಮಸೂರವನ್ನೂ ಹಿಡಿದೆ. ಬಲ ಹೆಗಲಿನಿಂದ ಆರಂಭಿಸಿ, ಎಡಕ್ಕೆ, ಮತ್ತೆ ಒಂದಂಗುಲ ಕೆಳಗೆ. ಒಂದೊಂದು ಮಚ್ಚೆಗೂ ನಿಂತೆ.

“ಏನಾದ್ರೂ ಇದ್ಯಾ ಅತ್ತೆ? ಚಳಿ ಆಗ್ತಿದೆ.”

“ತಡಿ ಕಣಮ್ಮ,” ಎಂದೆ, “ಇನ್ನೂ ಅರ್ಧ ಬೆನ್ನಿದೆ.”